ಲೆಕ್ಕದ ಹೊರಗಿನ ನಾಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದೇ ಒಂದು ಕಿಟಕಿಗೆ ದೀಪವಿದೆ. ಒಳಗೆ ನಡುವಯಸ್ಸಿನ ಹೆಂಗಸೊಬ್ಬರು ಹೆಗಲಿಗೆ ಸ್ವೆಟರ್ ಹೊದ್ದು, ಚಹಾದ ಲೋಟಕ್ಕೆ ತಟ್ಟೆ ಮುಚ್ಚಿ, ಎರಡು ಪರದೆಗಳ ಮುಂದೆ ಕೂತಿದ್ದಾರೆ. ಎಡಗಡೆಯ ಪರದೆಯಲ್ಲಿ ಒಂದು ಕೆಂಪು ಗೆರೆ. ಅದು ಏರುತ್ತದೆ, ಇಳಿಯುತ್ತದೆ, ಎರಡು ಸಲ ಒಟ್ಟೊಟ್ಟಿಗೆ ಏರಿ ಆಮೇಲೆ ಏನೋ ಮರೆತವರ ಹಾಗೆ ತಡೆಯುತ್ತದೆ, ಮತ್ತೆ ಗಡಿಬಿಡಿಯಲ್ಲಿ ಓಡುತ್ತದೆ. ಚಹಾ ಆರಿ ಎಷ್ಟೋ ಹೊತ್ತಾಗಿದೆ.

"ಇದನ್ನ ಅಳಿಸ್ಬೇಕು," ಅನ್ನುತ್ತಾರೆ ಅವರು, ಪರದೆಯಿಂದ ಕಣ್ಣು ಕೀಳದೆ. "ಒಂಬತ್ತು ಗಂಟೆಯೊಳಗೆ ಅಳಿಸಿ ಅಂತ ಹೇಳಿಯಾಗಿದೆ. ಆದ್ರೆ ಯಾಕೋ ಕೈ ಬರ್ತಿಲ್ಲ."

ಕಚೇರಿಯಲ್ಲಿ ಇವರನ್ನು ಹೆಸರು ಹಿಡಿದು ಕರೆಯುವುದು ಸಂಬಳದ ಚೀಟಿ ಮಾತ್ರ. ಉಳಿದಂತೆ ಗೇಟಿನ ಕಾವಲುಗಾರನಿಂದ ಹಿಡಿದು ಡಾಕ್ಟರವರೆಗೆ ಎಲ್ಲರಿಗೂ ಇವರು ನಾಡಿ ಅಕ್ಕ. ಅರವತ್ತು ದಾಟಿದ ಸುಮಾರು ಎಂಟುನೂರು ಜನ ಒಂದು ಆರೋಗ್ಯ ಅಧ್ಯಯನಕ್ಕೆ ಒಪ್ಪಿ ಮಣಿಕಟ್ಟಿಗೆ ಬ್ಯಾಂಡ್ ಕಟ್ಟಿಕೊಂಡಿದ್ದಾರೆ. ನೋಡಲು ವಾಚಿನಂತೆಯೇ ಇರುತ್ತದೆ. ಅದರ ಬೆನ್ನಿಗೆ ಒಂದು ಹಸಿರು ಬೆಳಕು. ಆ ಬೆಳಕು ಚರ್ಮದೊಳಗಿನ ರಕ್ತದ ಓಡಾಟ ನೋಡಿ ನಾಡಿ ಎಣಿಸುತ್ತದೆ, ಜೊತೆಗೆ ಹೆಜ್ಜೆ ಮತ್ತು ನಿದ್ದೆಯನ್ನೂ ಗುರುತಿಟ್ಟುಕೊಳ್ಳುತ್ತದೆ. ಕಾಲು ಗಂಟೆಗೊಮ್ಮೆ ಆ ಮನೆಯ ಫೋನಿನ ಮೂಲಕ ಎಲ್ಲವೂ ಇಲ್ಲಿಗೆ ಬಂದು ಬೀಳುತ್ತದೆ.

ಯಾಕೆ ಇಷ್ಟೆಲ್ಲ? ಎದೆಬಡಿತ ತಾಳ ತಪ್ಪುವ ಒಂದು ಕಾಯಿಲೆಯಿದೆ. ಎಷ್ಟೋ ಸಲ ಅದಕ್ಕೆ ನೋವಿಲ್ಲ, ಗದ್ದಲವಿಲ್ಲ. ಹೃದಯದೊಳಗೆ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಚೂರೊಂದು ಮೆದುಳಿಗೆ ಹೋಯಿತೆಂದರೆ ಒಂದು ಮಗ್ಗುಲಿಗೆ ಲಕ್ವ, ಇಲ್ಲವೇ ಜೀವವೇ ಹೋಗುತ್ತದೆ. ಮನೆಯಲ್ಲೇ ಇರುವವರ ಕೈಯಿಂದ ಇದನ್ನು ಮೊದಲೇ ಹಿಡಿಯಬಹುದೇ ಎಂಬುದು ಅಧ್ಯಯನದ ಪ್ರಶ್ನೆ. ತಾಳ ತಪ್ಪಿದೆ ಎನಿಸಿದರೆ ಕಂಪ್ಯೂಟರು ಕೆಂಪು ಗೆರೆ ಎಳೆದು ತೋರಿಸುತ್ತದೆ. ಆದರೆ ಕಂಪ್ಯೂಟರಿಗೆ ಎಲ್ಲದರ ಮೇಲೂ ಅನುಮಾನ. ಪಟ್ಟಿ ಸಡಿಲವಾದರೂ ಕೆಂಪು, ಬಟ್ಟೆ ಒಗೆದರೂ ಕೆಂಪು, ಬಸ್ಸು ಹಳ್ಳದಲ್ಲಿ ಕುಲುಕಿದರೂ ಕೆಂಪು. ದಿನಕ್ಕೆ ಇನ್ನೂರಕ್ಕೂ ಮೇಲೆ ಬರುವ ಈ ಗೆರೆಗಳಲ್ಲಿ ಯಾವುದು ಕಾಯಿಲೆ, ಯಾವುದು ಕಸ ಎಂದು ಆರಿಸುವುದೇ ನಾಡಿ ಅಕ್ಕನ ಕೆಲಸ.

"ಅಕ್ಕಿಯಲ್ಲಿ ಕಲ್ಲು ಆರಿಸೋ ಹಾಗೇನೇ," ಎಂದು ಅವರು ನಗುತ್ತಾರೆ. "ಒಂದೇ ವ್ಯತ್ಯಾಸ ಏನಂದ್ರೆ, ಇಲ್ಲಿ ನಮಗೆ ಬೇಕಾಗಿರೋದು ಕಲ್ಲು."

ಯಾರ ನಾಡಿ ಯಾವುದು ಎಂದು ಮಾತ್ರ ಅವರಿಗೆ ತಿಳಿಯುವ ಹಾಗಿಲ್ಲ. ಪರದೆಯ ಮೇಲೆ ಬರುವುದು ಬರೀ ನಂಬರು. ಹೆಸರು, ವಿಳಾಸ, ಯಾರಿಗೆ ಯಾವ ಮಾತ್ರೆ ಎಂಬುದೆಲ್ಲ ಡಾಕ್ಟರ ಬಳಿ ಬೀಗದೊಳಗಿದೆ. ನಂಬರುಗಳ ಜೊತೆ ಎಷ್ಟೆಂದು ಮಾತಾಡುವುದು? ಹಾಗಾಗಿ ಅಕ್ಕ ತಮ್ಮಷ್ಟಕ್ಕೆ ತಾವೇ ನಾಮಕರಣ ಮಾಡಿಬಿಟ್ಟಿದ್ದಾರೆ. ಮಧ್ಯಾಹ್ನ ಮೂರು ಸಲ ತೂಕಡಿಸುವವರು ಕೋಳಿನಿದ್ದೆ. ಸಂಜೆ ಒಂದು ಹೊತ್ತಿನಲ್ಲಿ ದಿನವೂ ನಾಡಿ ಜಿಗಿಯುವವರು ಧಾರಾವಾಹಿ ಅಮ್ಮ. ಇವತ್ತಿನ ಕೆಂಪು ಗೆರೆಯ ಒಡೆಯರು ಮೆಟ್ಟಿಲು ಯಜಮಾನರು. ಲಿಫ್ಟ್ ಇಲ್ಲದ ಯಾವುದೋ ಮನೆಯಲ್ಲಿ ಮೇಲಿನ ಮಹಡಿಯಲ್ಲಿದ್ದಾರೆ ಎಂಬುದು ಅಕ್ಕನ ಊಹೆ. ಪ್ರತಿ ಸಂಜೆ ಒಂದೇ ಉಸಿರಿಗೆ ಇಳಿದು, ಒಂದಷ್ಟು ದೂರ ಬಿರಬಿರನೆ ನಡೆದು, ಒಂದೇ ಉಸಿರಿಗೆ ಹತ್ತುತ್ತಾರೆ. ನಾಡಿ ಗಡಿಯಾರದ ಹಾಗೆ.

ಅಂಥವರ ಗೆರೆ ಹೋದ ವಾರ ಇದ್ದಕ್ಕಿದ್ದ ಹಾಗೆ ಕೆಂಪಾಯಿತು. ಅಕ್ಕ ಕೂಡಲೇ ಡಾಕ್ಟರಿಗೆ ಹೇಳಿದರು. ಡಾಕ್ಟರು ಯಜಮಾನರನ್ನು ಕರೆಸಿ ಇಸಿಜಿ ತೆಗೆಸಿದರು, ಎದೆ ತಟ್ಟಿ ನೋಡಿದರು. ಲೋಪ ಹುಡುಕಿದರೂ ಸಿಗಲಿಲ್ಲ. ಮನೆ ಮನೆಗೆ ಹೋಗಿ ಬರುವ ಸಿಸ್ಟರ್ ಕೂಡ ಹೋಗಿ ನೋಡಿದರು. ಬ್ಯಾಂಡ್ ಯಜಮಾನರ ಕೈಮೇಲೆಯೇ ಇತ್ತು, ಪಟ್ಟಿ ಒಂಚೂರು ಸಡಿಲ. "ಸಾಧನದ ದೋಷ, ಆ ಭಾಗ ಅಳಿಸಿ" ಎಂದು ಡಾಕ್ಟರು ಬರೆದರು. ನಿಯಮದ ಪ್ರಕಾರ ಅದು ಸರಿಯೇ. ತಿಂಗಳ ಮಾಹಿತಿ ಇವತ್ತು ಒಂಬತ್ತಕ್ಕೆ ಪರಿಶೀಲನಾ ಸಮಿತಿಗೆ ಹೋಗಬೇಕು, ಅಷ್ಟರೊಳಗೆ ಕಸ ಗುಡಿಸಿರಬೇಕು.

ಕಷ್ಟ ಇರುವುದು ಮುಂದೆ. ದೋಷ ಎಂದು ಒಮ್ಮೆ ಅಳಿಸಿದರೆ ಕಂಪ್ಯೂಟರು ಅದನ್ನು ಪಾಠವೆಂದು ಕಲಿತುಕೊಳ್ಳುತ್ತದೆ. ಆಮೇಲೆ ಒಂದು ತಿಂಗಳು ಆ ನಂಬರಿನಿಂದ ಅದೇ ಥರದ ಗೆರೆ ಬಂದರೂ ತುಟಿ ಪಿಟಕ್ಕೆನ್ನುವುದಿಲ್ಲ. ಆ ಕೈಗೆ ನಿಜವಾಗಿ ಏನಾದರೂ ಆಗುತ್ತಿದ್ದರೆ ಈ ಕೋಣೆಗೆ ಗೊತ್ತೇ ಆಗುವುದಿಲ್ಲ.

"ಅನುಮಾನ ಇದ್ರೆ ಕೂಗಿಬಿಡಬೇಕಿತ್ತಲ್ವಾ?" ಎಂದು ಈ ಲೇಖನಕ್ಕಾಗಿ ಬಂದ ನಾನು ಕೇಳಿದರೆ ಅಕ್ಕನ ಮುಖ ಕೆಂಪಾಗುತ್ತದೆ. ಕೂಗಿದ್ದರ ಕಥೆ ಇಡೀ ಕಟ್ಟಡಕ್ಕೆ ಗೊತ್ತು.

ಎರಡು ತಿಂಗಳ ಹಿಂದೆ ಇನ್ನೊಬ್ಬ ಅಜ್ಜನ ನಾಡಿ ನೂರಮೂವತ್ತಕ್ಕೆ ಹೋಗಿ ಅಲ್ಲೇ ಕೂತಿತು. ಹೆಜ್ಜೆ ಒಂದೂ ಇಲ್ಲ. ಅಕ್ಕ ಗಾಬರಿಯಾಗಿ ಕೂಗಿ ಇಡೀ ಕಟ್ಟಡ ಒಂದು ಮಾಡಿದರು. ಆಂಬುಲೆನ್ಸ್ ಸದ್ದು ಮಾಡಿಕೊಂಡು ಹೋಯಿತು, ಬೀದಿ ತುಂಬ ಜನ ಸೇರಿದರು. ಅಜ್ಜ ಬಾಗಿಲಲ್ಲೇ ನಿಂತು ಪೇಪರ್ ಓದುತ್ತಿದ್ದರು. ಬ್ಯಾಂಡ್ ತೊಟ್ಟಿಲಲ್ಲಿತ್ತು. ಹಠ ಹಿಡಿದು ಅಳುತ್ತಿದ್ದ ಮೊಮ್ಮಗುವಿನ ಕಾಲಿಗೆ ಅಜ್ಜನೇ ಕಟ್ಟಿದ್ದರು. ಹಸಿರು ಬೆಳಕು ನೋಡುತ್ತ ನೋಡುತ್ತ ಮಗು ನಿದ್ದೆ ಹೋಗಿತ್ತು. ಕೂಸಿಗೆ ಆ ನಾಡಿ ಸಹಜವೇ. ಸದ್ದಿಗೆ ಅದು ಎದ್ದು ಕಿರುಚಿಕೊಂಡಿತಂತೆ, ಆಂಬುಲೆನ್ಸಿನವರು ಆಡಿಸಿ ಸಮಾಧಾನ ಮಾಡಿ ಬಂದರಂತೆ.

ಅಂದಿನಿಂದ ನಾಡಿ ಅಕ್ಕ ಕಾರಿಡಾರಿನಲ್ಲಿ ಕಾಣಿಸಿದರೆ ಸಾಕು, ಯಾರಾದರೊಬ್ಬರು "ಕೂಸು ಹುಷಾರಾಗಿದೆಯಾ ಅಕ್ಕಾ?" ಎಂದು ಕೇಳದೆ ಬಿಡುವುದಿಲ್ಲ. ಅಕ್ಕ ನಗುತ್ತಾರೆ. ಆದರೆ ಡಾಕ್ಟರ ಅನುಮತಿ ಇಲ್ಲದೆ ಯಾರ ಮನೆಗೂ ಫೋನ್ ಕೂಡ ಮಾಡಬಾರದು ಎಂಬ ನಿಯಮ ಬಂದದ್ದು ಆ ಕೂಸಿನ ದೆಸೆಯಿಂದಲೇ. "ನಗೋದು ಬೇರೆ, ನಂಬೋದು ಬೇರೆ," ಅನ್ನುತ್ತಾರೆ ಅವರು ಮೆಲ್ಲಗೆ. "ಇನ್ನೊಂದ್ಸಲ ಸುಳ್ಳು ಕೂಗಿದ್ರೆ ನನ್ನ ಮಾತಿಗೆ ಯಾರು ಏಳ್ತಾರೆ ಹೇಳಿ?"

ಪರದೆಗೆ ಕಾಲು ಗಂಟೆಯ ಹೊಸ ಕಂತು ಬಂದಿದೆ. ಅಕ್ಕ ಮುಂದಕ್ಕೆ ಬಾಗುತ್ತಾರೆ. ಕೆಂಪು ಹೆಚ್ಚಾಗಿದೆ. ಅವರು ನಾಡಿಯ ಗೆರೆ ಬಿಟ್ಟು ಅದರ ಕೆಳಗಿನ ಹೆಜ್ಜೆಗಳ ಸಾಲಿನ ಮೇಲೆ ಬೆರಳಿಡುತ್ತಾರೆ. ನಾಲ್ಕು ಹೆಜ್ಜೆ, ನಿಲುಗಡೆ. ಆರು ಹೆಜ್ಜೆ, ನಿಲುಗಡೆ. ಮತ್ತೆ ನಾಲ್ಕು. ಬೆಳಗಿನ ಜಾವದಿಂದ ಹೀಗೇ. ಡಾಕ್ಟರಿಗೆ ಫೋನ್ ಮಾಡುತ್ತಾರೆ. ಗಂಟೆ ಬಡಿದು ಬಡಿದು ನಿಲ್ಲುತ್ತದೆ. ವಾರ್ಡಿನಲ್ಲಿರಬೇಕು, ಅಲ್ಲಿ ಫೋನ್ ಒಯ್ಯುವಂತಿಲ್ಲ. ಸಂದೇಶ ಕಳಿಸಿ ಕೈ ಹಿಸುಕಿಕೊಳ್ಳುತ್ತ ಕೂರುತ್ತಾರೆ.

ಆಗ ಅವರದೇ ಫೋನ್ ಹೊಡೆದುಕೊಳ್ಳುತ್ತದೆ. ಬೆಚ್ಚಿ ಎತ್ತಿದರೆ ಡಾಕ್ಟರಲ್ಲ, ಅತ್ತೆ.

"ಲೇ, ನನ್ನ ಕನ್ನಡಕ ಎಲ್ಲಿಟ್ಟೆ?"

"ರೇಡಿಯೋ ಹಿಂದೆ ನೋಡಿ ಅತ್ತೆ. ನಾನು ಆಮೇಲೆ ಮಾಡ್ತೀನಿ, ಇಲ್ಲಿ..."

"ಹಿಂದೆ ಇರೋದು ಕಣ್ಣಿನ ಡಾಕ್ಟ್ರು ಕೊಟ್ಟಿದ್ದು. ಅದು ಯಾರಿಗೆ ಬೇಕು? ನಿಮ್ಮ ಮಾವನ್ದು ಎಲ್ಲಿ?"

ಮಾವ ತೀರಿಕೊಂಡು ಮೂರು ವರ್ಷ. ಅವರಿದ್ದಾಗಲೂ ಆ ಮನೆಯಲ್ಲಿ ಇಬ್ಬರಿಗೂ ಒಂದೇ ಕನ್ನಡಕ. ಅವರು ಪೇಪರ್ ಓದಿ ಇಳಿಸಿದರೆ ಇವರು ಏರಿಸಿಕೊಂಡು ಕಾಳು ಆರಿಸುತ್ತಿದ್ದರು. ಎಷ್ಟು ಸಲ ಪರೀಕ್ಷೆ ಮಾಡಿಸಿ ಹೊಸದು ತಂದುಕೊಟ್ಟರೂ ಅತ್ತೆಯದು ಒಂದೇ ಮಾತು: "ಅವ್ರಿಗೆ ಕಾಣೋದು ನನಗೆ ಕಾಣಲ್ವಾ?" ಕನ್ನಡಕ ಮಾತ್ರವಲ್ಲ, ಬಿಪಿ ಮಾತ್ರೆಯನ್ನೂ ಆ ಗಂಡ ಹೆಂಡತಿ ಮುರಿದು ಅರ್ಧರ್ಧ ನುಂಗುತ್ತಿದ್ದರೆಂದು ಗೊತ್ತಾದದ್ದು ಬಹಳ ತಡವಾಗಿ.

ಅತ್ತೆ ಆ ಕಡೆಯಿಂದ "ಹಲೋ, ಹಲೋ" ಅನ್ನುತ್ತಿದ್ದಾರೆ. ಅಕ್ಕನ ಕಣ್ಣು ಹೆಜ್ಜೆಗಳ ಸಾಲಿನ ಮೇಲಿದೆ. ನಾಲ್ಕು, ನಿಲುಗಡೆ. ಆರು, ನಿಲುಗಡೆ. ಒಲೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಕಪಾಟಿಗೆ. ದಿನ ಬೆಳಗಾದರೆ ಅಕ್ಕ ತಾವೇ ನಡೆಯುವ ನಡಿಗೆ ಅದು.

"ಅಯ್ಯೋ," ಅನ್ನುತ್ತಾರೆ ಅಕ್ಕ. "ಇದು ಅಡುಗೆಮನೆ." ಫೋನ್ ಇಟ್ಟುಬಿಡುತ್ತಾರೆ.

ಯಜಮಾನರು ಪಟಪಟನೆ ಮೆಟ್ಟಿಲು ಹತ್ತುವವರು, ಬೆಳಗಾಗುವವರೆಗೆ ಹಾಸಿಗೆ ಬಿಡದವರು. ಬೆಳಕು ಹರಿಯುವ ಮೊದಲೇ ಅಡುಗೆಮನೆಯಲ್ಲಿ ಸುತ್ತುತ್ತಿರುವ ಈ ಕೈ ಅವರದಲ್ಲ. ಅತ್ತೆ ಮಾವನ ಕನ್ನಡಕದ ಹಾಗೆ ಇಲ್ಲೂ ಇಬ್ಬರಿಗೆ ಒಂದೇ ಬ್ಯಾಂಡ್. ಈ ಸಲ ತಾಳ ತಪ್ಪಿದ ನಾಡಿ ಯಜಮಾನರದಲ್ಲ, ಅವರ ಹೆಂಡತಿಯದು! ಇಸಿಜಿ ತೆಗೆದದ್ದು ಒಬ್ಬರಿಗೆ, ಎದೆ ಓಡುತ್ತಿರುವುದು ಇನ್ನೊಬ್ಬರದು. ಅಳಿಸುವ ಗುಂಡಿಯ ಮೇಲಿದ್ದ ಬಾಣದ ಗುರುತನ್ನು ಅಕ್ಕ ಪರದೆಯ ಇನ್ನೊಂದು ತುದಿಗೆ ಎಳೆದು ಬಿಡುತ್ತಾರೆ, ಬೆಂಕಿಕಡ್ಡಿಯನ್ನು ಸೀಮೆಎಣ್ಣೆಯಿಂದ ದೂರ ಇಟ್ಟ ಹಾಗೆ.

ಮುಂದಿನ ಕಂತು ಬರುತ್ತದೆ. ನಾಲ್ಕು ಹೆಜ್ಜೆ. ಆಮೇಲೆ ಹೆಜ್ಜೆಯೇ ಇಲ್ಲ. ನಾಡಿ ಮಾತ್ರ ನೂರೈವತ್ತರ ಮೇಲೆ ಎಡವುತ್ತ ಮುಗ್ಗರಿಸುತ್ತ ಓಡುತ್ತಲೇ ಇದೆ. ಅಡುಗೆಮನೆಯ ಮಧ್ಯದಲ್ಲಿ ಯಾರೋ ನಿಂತುಬಿಟ್ಟಿದ್ದಾರೆ, ಇಲ್ಲವೇ ಬಿದ್ದಿದ್ದಾರೆ.

ಅಷ್ಟರಲ್ಲಿ ಡಾಕ್ಟರ ಫೋನು. "ಹೇಳಿ ಅಕ್ಕಾ, ಮತ್ತೆ ಕೂಸಾ?" ದನಿಯಲ್ಲಿ ತಮಾಷೆಯೇ ಇದೆ.

"ಅಲ್ಲ ಡಾಕ್ಟ್ರೇ. ಈ ಸಲ ಹೆಂಡ್ತಿ."

"ಯಾರ ಹೆಂಡ್ತಿ?"

ಅಕ್ಕ ಒಂದೇ ಉಸಿರಿಗೆ ಹೇಳುತ್ತಾರೆ: ಹೆಜ್ಜೆ, ಅಡುಗೆಮನೆ, ಈಗಿನ ನಿಲುಗಡೆ. ಹೇಳುತ್ತ ಹೇಳುತ್ತ ತಮ್ಮ ಮಾತು ತಮಗೇ ಹುಚ್ಚುಚ್ಚಾಗಿ ಕೇಳಿಸುತ್ತದೆ. ನಾಲ್ಕು ಹೆಜ್ಜೆ ನೋಡಿ ಅಡುಗೆಮನೆ ಅನ್ನುವುದೆಂದರೇನು? ಆ ಕಡೆ ತಮಾಷೆ ನಿಂತಿದೆ. ಡಾಕ್ಟರು ಕಡತ ತೆರೆಯುವ ಸದ್ದು ಕೇಳುತ್ತದೆ. ಅಕ್ಕನಿಗೆ ಕಾಣದ್ದು ಅವರಿಗೆ ಕಾಣುತ್ತದೆ.

"ಅಕ್ಕಾ, ನಾಡಿ ಎಷ್ಟು ಅಂದ್ರಿ? ನೂರೈವತ್ತಾ?" ಅವರ ದನಿ ಬದಲಾಗಿದೆ. "ಈ ಯಜಮಾನ್ರು ಎದೆಬಡಿತ ನಿಧಾನ ಮಾಡೋ ಮಾತ್ರೆ ತಗೋತಾರೆ. ವರ್ಷಗಳಿಂದ. ಆ ಮಾತ್ರೆ ಹೊಟ್ಟೆಯಲ್ಲಿದ್ರೆ ಮನೇಲಿ ಓಡಾಡೋವಾಗ ನಾಡಿ ಇಷ್ಟು ಓಡೋದು ಕಷ್ಟ. ನಾನು ಇದನ್ನ ಆವತ್ತೇ ನೋಡ್ಬೇಕಿತ್ತು. ಇರಿ, ಮನೆಗೆ ಫೋನ್ ಮಾಡ್ತೀನಿ. ನೀವು ಗೆರೆ ಬಿಟ್ಟು ಏಳ್ಬೇಡಿ."

ಮನೆಯಲ್ಲಿ ಯಾರೂ ಫೋನ್ ಎತ್ತುವುದಿಲ್ಲ. ಡಾಕ್ಟರು ಆಂಬುಲೆನ್ಸಿಗೆ ಹೇಳುತ್ತಾರೆ; ಅದಕ್ಕಿಂತ ಮೊದಲು ತಲುಪಬಲ್ಲವರು ಸಿಸ್ಟರ್, ಅವರ ಮನೆ ಆ ಬಡಾವಣೆಯಲ್ಲೇ. ತಲೆ ಬಾಚಿಕೊಳ್ಳುತ್ತಿದ್ದವರು ಅರ್ಧಕ್ಕೇ ಬಿಟ್ಟು ಸ್ಕೂಟರ್ ಹತ್ತುತ್ತಾರೆ. ಇಲ್ಲಿ ನಾಡಿ ಅಕ್ಕನಿಗೆ ಮಾಡಲು ಏನೂ ಇಲ್ಲ. ಓಡುವ ಹಾಗಿಲ್ಲ, ಎಲ್ಲಿಗೆ ಓಡುವುದೆಂದೇ ಗೊತ್ತಿಲ್ಲ. ಎರಡು ವರ್ಷದಿಂದ ದಿನವೂ ನಾಡಿ ನೋಡಿದ ಮನೆಯ ಬಾಗಿಲು ಯಾವ ಬೀದಿಯಲ್ಲಿದೆಯೋ!

ಕಾಯುವುದು ಅವರಿಗೆ ಹೊಸದಲ್ಲ. ಈ ಕೆಲಸಕ್ಕೆ ಬರುವ ಮೊದಲು ಹನ್ನೊಂದು ವರ್ಷ ಬಸ್ ಡಿಪೋದಲ್ಲಿದ್ದರು, ಬಸ್ಸುಗಳ ಹೊತ್ತು ಬರೆಯುವ ಕೆಲಸ. ಕೊನೆಯ ಬಸ್ಸು ಒಳಗೆ ಬರುವ ತನಕ ಕುರ್ಚಿ ಬಿಡುವಂತಿರಲಿಲ್ಲ. ಹಾರ್ನ್ ಕೇಳಿಯೇ ಯಾವ ಚಾಲಕ, ಅವನ ಮೂಗಿನ ತುದಿಯಲ್ಲಿ ಸಿಟ್ಟಿದೆಯೋ ಇಲ್ಲವೋ ಎಂದು ಹೇಳುತ್ತಿದ್ದರಂತೆ. ಆಮೇಲೆ ಪ್ರತಿ ಬಸ್ಸಿಗೂ ಎಲ್ಲಿದೆ ಎಂದು ತಾನೇ ಹೇಳುವ ಯಂತ್ರ ಬಂತು, ಅಕ್ಕನ ಕುರ್ಚಿ ಹೋಯಿತು. ಕೆಲಸ ಕಿತ್ತುಕೊಂಡ ಜಾತಿಯ ಯಂತ್ರದ ಎದುರಿಗೇ ಈಗ ಮತ್ತೆ ಕೂತಿದ್ದಾರೆ. "ನಾನು ಅದರ ಮೇಲೆ ಕಣ್ಣಿಡ್ತೀನಿ, ಅದು ನನ್ನ ಮೇಲೆ," ಎಂದು ಒಮ್ಮೆ ಹೇಳಿದ್ದರು.

ಕೆಲಸ ವರ್ಷದ ಮಟ್ಟಿಗೆ ಮಾತ್ರ, ಪ್ರತಿ ವರ್ಷವೂ ಮುಂದುವರಿಸುತ್ತಾರೋ ಇಲ್ಲವೋ ಎಂಬ ಚಿಂತೆ. ಪರದೆ ನೋಡಿ ನೋಡಿ ಕತ್ತು ಹಿಡಿದುಕೊಂಡಿದೆ, ಕಣ್ಣು ಉರಿಯುತ್ತದೆ. ಬಸ್ ಓಡಿಸುವ ಗಂಡ ಮನೆಗೆ ಬರುವ ಹೊತ್ತಿಗೆ ಇವರಿಗೆ ನಿದ್ದೆ, ಇವರು ಎದ್ದು ಹೊರಡುವ ಹೊತ್ತಿಗೆ ಅವರಿಗೆ ನಿದ್ದೆ. ಏನು ಕೆಲಸ ಎಂದು ಯಾರಿಗಾದರೂ ಬಿಡಿಸಿ ಹೇಳುವುದಂತೂ ಇನ್ನೂ ಕಷ್ಟ. "ನಮ್ಮ ಸೊಸೆ ವಾಚಿನ ಕಂಪನಿಯಲ್ಲಿದ್ದಾಳೆ" ಎಂದು ಅತ್ತೆ ಬೀದಿಗೆಲ್ಲ ಹೇಳಿಟ್ಟಿದ್ದಾರೆ. ಹೋದ ತಿಂಗಳು ಪಕ್ಕದ ಮನೆಯವರು ನಿಂತುಹೋದ ಗೋಡೆ ಗಡಿಯಾರ ತಂದುಕೊಟ್ಟು, ಪುರುಸೊತ್ತಾದಾಗ ನೋಡಿ ಎಂದು ಹೋದರು. ಅಕ್ಕ ಬ್ಯಾಟರಿ ಬದಲಿಸಿ ಕೊಟ್ಟರು. ಅಂದಿನಿಂದ ಆ ಬೀದಿಯಲ್ಲಿ ಅವರ ವಿದ್ಯೆಯ ಮೇಲೆ ಎಲ್ಲರಿಗೂ ಭರವಸೆ.

ಕಂತು ಬರುವ ಹೊತ್ತಾಯಿತು. ಪರದೆ ಒಮ್ಮೆ ಮಿಣುಕುತ್ತದೆ.

ಗೆರೆಯಿಲ್ಲ.

ಕೆಂಪೂ ಇಲ್ಲ, ಹಸಿರೂ ಇಲ್ಲ. ನಾಡಿ ಇರಬೇಕಾದ ಜಾಗದಲ್ಲಿ ಬರೀ ಬಿಳಿ ಖಾಲಿ. ಅಕ್ಕ ಕುರ್ಚಿಯಿಂದ ಅರ್ಧ ಎದ್ದವರು ಹಾಗೇ ನಿಲ್ಲುತ್ತಾರೆ. ಒಂದು ಕೈ ಮೇಜಿನ ಅಂಚು ಹಿಡಿದಿದೆ. ಇನ್ನೊಂದು ಕೈ ತಮಗೇ ತಿಳಿಯದ ಹಾಗೆ ತಮ್ಮ ಮಣಿಕಟ್ಟನ್ನು ಹಿಡಿದುಕೊಂಡಿದೆ. "ತಡ ಮಾಡ್ದೆ," ಎಂದು ಪಿಸುಗುಡುತ್ತಾರೆ. "ಬೆಳಗಿಂದ ನೋಡ್ತಾ ಕೂತಿದ್ದೆ. ಮೊದಲೇ ತಿಳೀಬೇಕಿತ್ತು."

ಫೋನ್ ಬರುತ್ತದೆ.

"ಅಕ್ಕಾ," ಸಿಸ್ಟರ್ ಏದುಸಿರು ಬಿಡುತ್ತಿದ್ದಾರೆ, ಮೂರು ಮಹಡಿ ಹತ್ತಿದ್ದಾರೆ. "ವಾಚು ನನ್ನ ಕೈಯಲ್ಲಿದೆ. ನಾನೇ ಬಿಚ್ಚಿದ್ದು. ಗಾಬರಿ ಆಗ್ಬೇಡಿ. ಅಮ್ಮ ಕೂತಿದ್ದಾರೆ, ಮಾತಾಡ್ತಿದ್ದಾರೆ. ಮಾತು ತೊದಲ್ತಿಲ್ಲ. ಎರಡು ಕೈಯೂ ಎತ್ತಿಸಿ ನೋಡ್ದೆ, ಸರಿಯಿದೆ."

ಅಕ್ಕ ಮತ್ತೆ ಕೂರುತ್ತಾರೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಅತ್ತದ್ದನ್ನು ಮುಚ್ಚಿಕೊಳ್ಳುವ ಪ್ರಯತ್ನವನ್ನೇನೂ ಮಾಡುವುದಿಲ್ಲ.

ಆ ಮನೆಯಲ್ಲಿ ನಡೆದದ್ದನ್ನು ಸಿಸ್ಟರ್ ಮಧ್ಯಾಹ್ನ ಬಂದು ಹೇಳುತ್ತಾರೆ. ಯಜಮಾನರು ಹಾಲು ತರಲು ಕೆಳಗೆ ಹೋಗಿದ್ದರಂತೆ. ಅಮ್ಮ ಅಡುಗೆಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಫೋನ್ ಹೊಡೆದುಕೊಳ್ಳುತ್ತಿದ್ದದ್ದು ಕೇಳುತ್ತಿತ್ತಂತೆ, ಏಳಲು ಆಗಲಿಲ್ಲ. ಸಿಸ್ಟರನ್ನು ಕಂಡದ್ದೇ ತಡ, ಬ್ಯಾಂಡ್ ಕಟ್ಟಿದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರಂತೆ, ಕದ್ದು ತಿನ್ನುವಾಗ ಸಿಕ್ಕಿಬಿದ್ದ ಮಗುವಿನ ಹಾಗೆ. "ಇದು ಅವ್ರದೇ ಸಿಸ್ಟರ್, ಈಗ ತಾನೇ ಬಿಚ್ಚಿಟ್ರು, ಬಿದ್ದುಹೋದೀತು ಅಂತ ನಾನು ಹಾಕ್ಕೊಂಡೆ."

ನಿಜ ಬಾಯಿಬಿಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಟ್ಟಿ ಕಟ್ಟಿದ ಜಾಗದಲ್ಲಿ ಯಜಮಾನರಿಗೆ ತುರಿಕೆಯಾಗುತ್ತಿತ್ತು. ರಾತ್ರಿ ಬಿಚ್ಚಿ ಮೊಳೆಗೆ ನೇತುಹಾಕುತ್ತಿದ್ದರು, ಬೆಳಗ್ಗೆ ಮರೆಯುತ್ತಿದ್ದರು. 'ದಯವಿಟ್ಟು ಬ್ಯಾಂಡ್ ಧರಿಸಿ' ಎಂದು ಫೋನಿಗೆ ಸಂದೇಶ ಬರತೊಡಗಿತು. ಅಮ್ಮನಿಗೆ ದಿಗಿಲು. ಹೀಗೇ ಆದರೆ ಇವರನ್ನು ಅಧ್ಯಯನದಿಂದ ಕೈಬಿಟ್ಟುಬಿಟ್ಟರೆ? ಹದಿನೈದು ದಿನಕ್ಕೊಮ್ಮೆ ಬಂದು ಬಿಪಿ ನೋಡಿ, ಹೇಗಿದ್ದೀರಿ ಎಂದು ಕೇಳಿ ಹೋಗುವ ಸಿಸ್ಟರ್ ಬರದೇ ಹೋದರೆ? ಮೊದಲೊಮ್ಮೆ ಹೃದಯಾಘಾತ ಕಂಡ ಗಂಡನ ವಿಷಯದಲ್ಲಿ ಅವರ ಜೀವ ಸದಾ ಅಂಗೈಯಲ್ಲೇ. ಹಾಗಾಗಿ ತಾವೇ ಕಟ್ಟಿಕೊಂಡರು. ಸಂಜೆ ಯಜಮಾನರು ನಡೆಯಲು ಹೊರಟಾಗ ಅವರ ಕೈಗೆ, ಸಿಸ್ಟರ್ ಬರುವ ದಿನ ಅವರ ಕೈಗೆ, ಆಸ್ಪತ್ರೆಗೆ ಕರೆದಾಗ ಅವರ ಕೈಗೆ. ಉಳಿದ ಹೊತ್ತೆಲ್ಲ ಇವರ ಕೈಗೆ.

"ಹಾಗೆ ಮಾಡಬಹುದಾ ಅಮ್ಮಾ?" ಎಂದು ಸಿಸ್ಟರ್ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: "ನಲವತ್ತು ವರ್ಷದಿಂದ ಒಂದೇ ಪಾತ್ರೆಯ ಊಟ, ಒಂದೇ ಕೊಡದ ನೀರು. ನಾಡಿ ಮಾತ್ರ ಬೇರೆ ಇರತ್ತಾ?"

ಎದೆ ಢವಢವ ಎನ್ನುತ್ತಿದ್ದದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ. ವಯಸ್ಸಾಯಿತು, ಮೆಟ್ಟಿಲು ಜಾಸ್ತಿಯಾಯಿತು ಅಂದುಕೊಂಡಿದ್ದರಂತೆ. ಕೆಳಗಿಳಿಯುವುದನ್ನೇ ಬಿಟ್ಟು ತಿಂಗಳುಗಳಾಗಿದ್ದವು. ಆಸ್ಪತ್ರೆಯಲ್ಲಿ ಡಾಕ್ಟರು ಈಗ ಅವರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಔಷಧಿ ಶುರು ಮಾಡಿದ್ದಾರೆ, ಓಡುವ ಎದೆಯನ್ನು ನಿಧಾನಕ್ಕೆ ತಂದಿದ್ದಾರೆ. ಮೆದುಳಿಗೆ ಏನೂ ಆಗಿಲ್ಲ. "ಆ ಗೆರೆ ಅಳಿಸಿ ಅಂತ ಬರೆದವನು ನಾನೇ," ಅನ್ನುತ್ತಾರೆ ಡಾಕ್ಟರು, ನಾಡಿ ಅಕ್ಕನ ಮೇಜಿನ ಪಕ್ಕ ನಿಂತು. "ನಿಮ್ಮ ಕೈ ತಡೀದಿದ್ರೆ ಇನ್ನೊಂದು ತಿಂಗಳು ನಾವ್ಯಾರೂ ಆ ಮನೆ ಕಡೆ ತಿರುಗಿ ನೋಡ್ತಿರಲಿಲ್ಲ."

"ನೀವು ಆ ಮಾತ್ರೆ ವಿಷಯ ಹೇಳದಿದ್ರೆ ನಾನೂ ಇನ್ನೊಂದು ಕೂಸು ಹೆತ್ತಿರ್ತಿದ್ದೆ," ಅನ್ನುತ್ತಾರೆ ಅಕ್ಕ. ಇಬ್ಬರೂ ಬೆಳಗಿನಿಂದ ಮೊದಲ ಸಲ ನಗುತ್ತಾರೆ.

ಆದರೆ ಕೆಲಸ ಮುಗಿದಿಲ್ಲ. ಸಮಿತಿಯಿಂದ ಸಂಜೆಯವರೆಗೆ ಸಮಯ ಕೇಳಿ ಪಡೆದಿದ್ದಾರೆ, ಆ ಗೆರೆಯನ್ನು ಏನು ಮಾಡುವುದೆಂದು ಈಗ ತೀರ್ಮಾನವಾಗಬೇಕು. ತೀರ್ಮಾನ ಎಲ್ಲರಿಗೂ ಗೊತ್ತೇ ಇದೆ. ಅಮ್ಮ ಈ ಅಧ್ಯಯನದಲ್ಲಿಲ್ಲ. ಅವರು ಒಪ್ಪಿಗೆ ಕೊಟ್ಟಿಲ್ಲ, ಅವರಿಗೆ ನಂಬರಿಲ್ಲ. ಗಂಡನ ನಂಬರಿನಲ್ಲಿ ಅವರ ನಾಡಿ ಉಳಿದರೆ ಅದು ಸುಳ್ಳು ಲೆಕ್ಕ. ನಾಳೆ ಇದೇ ಲೆಕ್ಕ ನಂಬಿ ಎಷ್ಟೋ ಜನರಿಗೆ ಔಷಧಿ ಬರೆಯುತ್ತಾರೆ. ನಿಜವಾಗಿ ಒಂದು ಜೀವ ಉಳಿಸಿಕೊಟ್ಟ ಅತ್ಯುತ್ತಮ ಗೆರೆ ಅದು, ಮತ್ತು ಅದು ಎಲ್ಲಿಯೂ ಲೆಕ್ಕಕ್ಕೆ ಸೇರುವುದಿಲ್ಲ. ಬೆಳಗ್ಗೆ ಯಾವ ಗುಂಡಿ ಒತ್ತಲು ಕೈ ಬಾರದೆ ಕೂತಿದ್ದರೋ ಅದನ್ನೇ ಅಕ್ಕ ಈಗ ಒತ್ತಬೇಕು.

ಒತ್ತುತ್ತಾರೆ. ಅಳಿಸಲು ಕಾರಣ ಏನು ಎಂದು ಕಂಪ್ಯೂಟರು ಕೇಳುತ್ತದೆ. ಪಟ್ಟಿ ಸಡಿಲ, ಬ್ಯಾಟರಿ, ನೀರು, ಇತರೆ. ಕಂಪ್ಯೂಟರು ಇದನ್ನು ದೋಷವೆಂದು ಕಲಿಯದಿರಲಿ ಎಂದು ಅಕ್ಕ 'ಇತರೆ' ಆರಿಸಿ ನಿಧಾನವಾಗಿ ಬೆರಳಚ್ಚು ಮಾಡುತ್ತಾರೆ: 'ಸಾಧನ ಸರಿಯಿತ್ತು. ಕಟ್ಟಿಕೊಂಡವರು ಬೇರೆ. ಈಗ ಹುಷಾರಾಗಿದ್ದಾರೆ.' ಕೊನೆಯ ವಾಕ್ಯ ಯಾವ ನಿಯಮದಲ್ಲೂ ಇಲ್ಲ. ಯಾರೂ ಓದದ ಜಾಗ ಅದು, ಆದರೂ ಬರೆಯುತ್ತಾರೆ. ಕೆಂಪು ಗೆರೆ ಕಣ್ಣೆದುರಿಗೇ ಮಾಯವಾಗುತ್ತದೆ.

"ಬೇಜಾರಾಯ್ತಾ?" ಎಂದು ನಾನು ಕೇಳುತ್ತೇನೆ.

"ಆಯ್ತು," ಎನ್ನುತ್ತಾರೆ ಅಕ್ಕ, ಮುಚ್ಚುಮರೆಯಿಲ್ಲದೆ. "ಅವ್ರ ಗುರುತೇ ಇಲ್ಲದ ಹಾಗಾಯ್ತಲ್ಲ ಅಂತ. ಇನ್ಮೇಲೆ ನನಗೆ ಅವ್ರು ಹೇಗಿದ್ದಾರೆ ಅಂತ ಗೊತ್ತಾಗೋ ದಾರೀನೇ ಇಲ್ಲ. ಕೇಳೋ ಹಾಗೂ ಇಲ್ಲ."

ಈ ಲೇಖನಕ್ಕೆ ಒಂದು ಫೋಟೋ ಬೇಕೆಂದು ಕೆಲವು ವಾರಗಳ ನಂತರ ಮತ್ತೆ ಹೋದಾಗ ಅಕ್ಕ ಫೋಟೋಕ್ಕೆ ಸುತರಾಂ ಒಪ್ಪುವುದಿಲ್ಲ. ಬದಲಿಗೆ ಮೇಜಿನ ಕೆಳಗಿನಿಂದ ಇನ್ನೊಂದು ಸ್ಟೂಲ್ ಎಳೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಅಧ್ಯಯನದ ಮುಂದಿನ ಸುತ್ತಿನಲ್ಲಿ ಒಂದೇ ಒಂದು ಬದಲಾವಣೆ ಕೇಳಿದ್ದಾರಂತೆ: ಒಬ್ಬರಿದ್ದರೆ ಒಂದು ಬ್ಯಾಂಡ್, ಗಂಡ ಹೆಂಡತಿ ಇದ್ದರೆ ಎರಡು. ಡಾಕ್ಟರು ಮೇಲಿನವರಿಗೆ ಬರೆದಿದ್ದಾರೆ. ಸಿಗುತ್ತದೋ ಇಲ್ಲವೋ ಗೊತ್ತಿಲ್ಲ.

"ಅದಿರಲಿ, ಇದನ್ನ ನೋಡಿ," ಎನ್ನುತ್ತಾರೆ. ಪರದೆಯ ಮೇಲೆ ಮೆಟ್ಟಿಲು ಯಜಮಾನರ ನಂಬರು. ತುರಿಕೆಯಾಗದ ಬಟ್ಟೆಯ ಪಟ್ಟಿ ಹಾಕಿಕೊಟ್ಟ ಮೇಲೆ ಬ್ಯಾಂಡ್ ಅವರ ಕೈಮೇಲೆಯೇ ಇದೆ. ನಾಡಿ ಮೊದಲಿನಂತೆಯೇ ಗಡಿಯಾರ. ಆದರೆ ಸಂಜೆಯ ಹೆಜ್ಜೆಗಳ ಮೇಲೆ ಕಂಪ್ಯೂಟರು ಹಳದಿ ಗುರುತು ಹಾಕಿದೆ: ನಡಿಗೆ ನಿಧಾನವಾಗಿದೆ, ಗಮನಿಸಿ. ಹೌದು, ಒಂದೇ ಉಸಿರಿಗೆ ಮೂರು ಮಹಡಿ ಹತ್ತುತ್ತಿದ್ದವರು ಈಗ ನಿಂತು ನಿಂತು ಹತ್ತುತ್ತಿದ್ದಾರೆ. ಐದಾರು ಮೆಟ್ಟಿಲು, ನಿಲುಗಡೆ. ಮತ್ತೆ ಐದಾರು, ಮತ್ತೆ ನಿಲುಗಡೆ. ನಿಂತಾಗಲೂ ನಾಡಿ ಒಂಚೂರೂ ಏರಿಲ್ಲ, ಸುಸ್ತಿನ ಸುಳಿವೇ ಇಲ್ಲ.

"ಇವ್ರಿಗೆ ಸುಸ್ತಾಗಿ ನಿಲ್ತಿಲ್ಲ," ಎನ್ನುತ್ತಾರೆ ನಾಡಿ ಅಕ್ಕ. ಬೆರಳು ಒಂದೊಂದು ನಿಲುಗಡೆಯನ್ನೂ ಮುಟ್ಟಿ ಮುಂದೆ ಹೋಗುತ್ತದೆ. "ಪಕ್ಕದಲ್ಲಿ ಯಾರೋ ಹತ್ತುತ್ತಿದಾರೆ. ಅವ್ರಿಗೋಸ್ಕರ ನಿಲ್ತಿದಾರೆ."

ಹಳದಿ ಗುರುತಿನ ಎದುರು 'ತೊಂದರೆಯಿಲ್ಲ' ಎಂದು ಒತ್ತಿ, ಆರಿದ ಚಹಾ ಎತ್ತಿಕೊಳ್ಳುತ್ತಾರೆ.

"ಇದು ಯಜಮಾನರ ಲೆಕ್ಕದ ಹೆಜ್ಜೆ ನೋಡಿ. ಇದನ್ನ ಮಾತ್ರ ಯಾರೂ ಅಳಿಸೋ ಹಾಗಿಲ್ಲ."